ಚಾಳೀಸಿಗೆ ಕತ್ತಿ ಬೇಕೆ?

(ಭಾನುವಾರದ ಪೂಜೆಯ ನಂತರ ತೋಟದ ಲೈನಿನ ಕೂಟದಲ್ಲಿ ಆಡಿದ ಮಾತುಗಳ ಬರಹ)



ಮಳೆ ಸ್ವಲ್ಪ ಬಿಟ್ಟಿದೆ, ಒಣಗಲು ಹಾಕಿದ ಬಟ್ಟೆಯ ಯೋಚನೆ ಎಲ್ಲರಿಗೂ ಇದೆ. ಆದರೂ ಕೂತಿದ್ದೀರಿ, ನಿಮಗೆ ವಂದನೆ. ಇವತ್ತು ಕೂಲಿಯ ಮಾತಿಲ್ಲ, ಬೋನಸ್ಸಿನ ಮಾತಿಲ್ಲ. ಕಣ್ಣಿನ ಮಾತು. ಆದರೆ ಕೊನೆಗೆ ಅದು ಕೂಲಿಗೇ ಬಂದು ನಿಲ್ಲುತ್ತದೆ, ನೋಡೋಣ.

ಮೂರು ವಾರದ ಹಿಂದೆ ಕೆಳಗಿನ ಲೈನಿನ ಒಬ್ಬ ಅಕ್ಕ ಯೂನಿಯನ್ ಆಫೀಸಿಗೆ ಬಂದರು. ಹೆಸರು ಹೇಳುವುದಿಲ್ಲ. ಅವರೂ ಇಲ್ಲೇ ಇದ್ದಾರೆ, ವಿಷಯ ಹೇಳಿ ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. "ಅಣ್ಣ, ಪಿ.ಎಫ್. ಮುಂಗಡದ ಫಾರಂ ತುಂಬಿಕೊಡಿ" ಎಂದರು. ಮಗಳ ಮದುವೆಯೇ ಎಂದು ಕೇಳಿದೆವು. ಅಲ್ಲವಂತೆ, ಕಣ್ಣಿನ ಆಪರೇಷನ್ನಿಗಂತೆ. ಕಣ್ಣಿನಲ್ಲಿ ಪೊರೆ ಬಂದಿದೆಯೇ ಎಂದರೆ ಅದೂ ಇಲ್ಲ. ದೂರದ ಗುಡ್ಡದಲ್ಲಿ ಆಡು ಮೇಯುವುದು ಲೆಕ್ಕ ಮಾಡುವಷ್ಟು ಚೆನ್ನಾಗಿ ಕಾಣುತ್ತದೆ. ಕೈಯಲ್ಲಿರುವ ಎಲೆ ಕಾಣುವುದಿಲ್ಲ. ಪಟ್ಟಣದಲ್ಲಿರುವ ಮಗ ಫೋನಿಗೆ ಒಂದು ವಿಡಿಯೋ ಕಳಿಸಿದ್ದಾನೆ. ಕಣ್ಣಿನ ಮುಂದಿನ ಪದರದೊಳಗೆ ಒಂದು ಸಣ್ಣ ಚೂರು ಇಟ್ಟುಬಿಟ್ಟರೆ ಹತ್ತಿರದ್ದೆಲ್ಲ ಕಾಣುತ್ತದೆ, ಕನ್ನಡಕವೇ ಬೇಡ, ಹತ್ತು ಹದಿನೈದು ನಿಮಿಷದ ಕೆಲಸ. ಯಾವ ಕಂಪನಿಯದು, ಯಾವ ವರ್ಷದ್ದು ಎಂದು ಅದರಲ್ಲಿ ಇರಲಿಲ್ಲ. ಇಪ್ಪತ್ತೆರಡು ವರ್ಷ ಗುಡ್ಡ ಹತ್ತಿ ಇಳಿದು ಕೂಡಿಟ್ಟ ಹಣವನ್ನು ಅದಕ್ಕೆ ಹಾಕಲು ಅಕ್ಕ ಮನಸ್ಸು ಮಾಡಿ ಬಂದಿದ್ದರು.

ಕನ್ನಡಕ ಯಾಕೆ ಬೇಡ ಅಕ್ಕಾ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಬುಟ್ಟಿಯಲ್ಲಿ ಬಲಿತ ಎಲೆ ಬಂತೆಂದು ತೂಕದ ಜಾಗದಲ್ಲಿ ಎಲ್ಲರ ಎದುರಿಗೆ ಕಿಲೋ ಕಳೆದಿದ್ದಾರೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಹೋದರೆ, "ಇವಳಿಗೆ ವಯಸ್ಸಾಯಿತು, ಇನ್ನು ಎಲೆ ಕೀಳಲಾರಳು, ಕಸ ಗುಡಿಸಲು ಹಾಕಿ" ಎನ್ನುತ್ತಾರೆಂಬ ಭಯ. ಮಳೆಯಲ್ಲಿ ಗಾಜಿಗೆ ಮಂಜು ಕಟ್ಟುತ್ತದೆ, ಬಗ್ಗಿದರೆ ಬೀಳುತ್ತದೆ. ಅದೂ ಸುಳ್ಳಲ್ಲ. ಆದರೆ ಮೊದಲನೆಯದೇ ದೊಡ್ಡದು. ನಾವು ಫಾರಂ ಕೊಡಲಿಲ್ಲ. ಎರಡು ವಾರ ಸಮಯ ಕೇಳಿದೆವು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಆದಕಾರಣ ನಮಗೆ ಗುರುತಿರುವ ಒಬ್ಬ ಕಣ್ಣಿನ ಡಾಕ್ಟರ ಬಳಿ ಹೋಗಿ ಕೂತು, ಅವರು ಕೊಟ್ಟ ಕಾಗದಗಳನ್ನು ತಿಳಿದವರಿಂದ ಓದಿಸಿ ಅರ್ಥ ಮಾಡಿಕೊಂಡು, ಈಗ ನಿಮ್ಮ ಮುಂದೆ ಹೇಳುತ್ತಿದ್ದೇವೆ.

ಮೊದಲು ಇದು ರೋಗವೇ ಎಂಬುದು. ನಮ್ಮ ಹಿರಿಯರು ಇದಕ್ಕೆ ಚಾಳೀಸು ಎಂದರು, ನಲವತ್ತಕ್ಕೆ ಬರುವುದು ಎಂದು. ಪಕ್ಕದ ಮನೆಯ ತಮಿಳಿನವರೂ ಮಲಯಾಳಿಗಳೂ ವೆಳ್ಳೆಳುತ್ತು ಎನ್ನುತ್ತಾರೆ, ಅಂದರೆ ಬಿಳಿ ಅಕ್ಷರ. ಕಪ್ಪು ಅಕ್ಷರ ಬೆಳ್ಳಗೆ ಮಸುಕಾಗುತ್ತದಲ್ಲ, ಸರಿಯಾದ ಹೆಸರು. ಕಣ್ಣಿನೊಳಗೆ ಒಂದು ಮಸೂರ ಇದೆ. ಎಳೆಯ ವಯಸ್ಸಿನಲ್ಲಿ ಅದು ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ, ದೂರ ನೋಡುವಾಗ ಚಪ್ಪಟೆಯಾಗುತ್ತದೆ. ವರ್ಷ ಹೋದಂತೆ ಅದು ಗಟ್ಟಿಯಾಗಿ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಇದು ಮ್ಯಾನೇಜರಿಗೂ ಬರುತ್ತದೆ, ಗುರುಗಳಿಗೂ ಬರುತ್ತದೆ. ನಮಗೂ ಬಂದಿದೆ. ಹೋದ ವರ್ಷ ವಾಚನ ಓದುವಾಗ ಪುಸ್ತಕವನ್ನು ಕೈ ಚಾಚಿ ಚಾಚಿ ಹಿಡಿದು, ಕೊನೆಗೆ ಕೈ ಸಾಲದೆ ಒಂದು ಸಾಲನ್ನೇ ಬಿಟ್ಟು ಓದಿದ್ದು ನಿಮಗೆಲ್ಲ ನೆನಪಿರಬಹುದು. ಮುಂದಿನ ಬೆಂಚಿನ ಮಕ್ಕಳು ನಕ್ಕದ್ದು ನಮಗಂತೂ ನೆನಪಿದೆ.

ಇನ್ನು ಆ ಚೂರಿನ ವಿಷಯ. ಕಣ್ಣಿನ ಕಪ್ಪಿನ ಮೇಲೆ ಗಡಿಯಾರದ ಗಾಜಿನಂತೆ ಒಂದು ಪದರವಿದೆ. ಡಾಕ್ಟರರು ಅದನ್ನು ಕಾರ್ನಿಯಾ ಎನ್ನುತ್ತಾರೆ. ನಡುವಿನಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳವಿಲ್ಲ, ಇದ್ದಿದ್ದರೆ ಪಾರದರ್ಶಕವಾಗಿ ಇರುತ್ತಿರಲಿಲ್ಲ. ಹೊರಗಿನ ಗಾಳಿ, ಕಣ್ಣೀರು ಮತ್ತು ಒಳಗಿನ ನೀರಿನಿಂದಲೇ ಅದು ಬದುಕುತ್ತದೆ. ಒಳಗಿನ ಪೋಷಣೆ ಹಿಂದಿನಿಂದ ಮುಂದಕ್ಕೆ ಊರಿಕೊಂಡು ಬರಬೇಕು. ಇದನ್ನು ನೆನಪಿಡಿ, ಮುಂದಿನ ತೊಂದರೆಯೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

1949ರಲ್ಲಿ ಎರಡು ಕೆಲಸಗಳು ನಡೆದವು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಪೊರೆ ತೆಗೆದ ಕಣ್ಣಿನೊಳಗೆ ಪ್ಲಾಸ್ಟಿಕ್ ಮಸೂರ ಇಟ್ಟರು. ಯುದ್ಧವಿಮಾನದ ಮುಚ್ಚಳದ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕು ಕೆರಳದೆ ಉಳಿದದ್ದನ್ನು ನೋಡಿ ಅವರಿಗೆ ಆ ಯೋಚನೆ ಬಂದಿತ್ತು. ಅದೇ ವರ್ಷ ಸ್ಪೇನ್ ಮೂಲದ ಹೊಸೆ ಬರಾಕೆರ್ ಎಂಬ ಡಾಕ್ಟರು ದೃಷ್ಟಿ ತಿದ್ದಲು ಕಾರ್ನಿಯಾದ ಪದರದ ನಡುವೆ ಗಾಜಿನ ಬಿಲ್ಲೆ ಇಡಲು ನೋಡಿದರು. ರಿಡ್ಲಿಯವರ ಕೆಲಸ ಎಷ್ಟೋ ವರ್ಷ ಬೈಸಿಕೊಂಡು, ತಿದ್ದಿಕೊಂಡು, ಇವತ್ತು ನಮ್ಮ ಅಜ್ಜಿಯರಿಗೂ ಆಗುವ ಪೊರೆ ಆಪರೇಷನ್ನಾಗಿ ನಿಂತಿದೆ. 1992ರಿಂದ ಮದುರೆಯ ಅರೋಲ್ಯಾಬ್‌ನಲ್ಲೇ ಆ ಮಸೂರ ತಯಾರಾಗಿ ಬಡವರ ಕೈಗೆ ಎಟುಕಿತು. ಬರಾಕೆರ್ ಅವರ ಗಾಜು ಮಾತ್ರ ನಿಲ್ಲಲಿಲ್ಲ. ಪೋಷಣೆ ಹರಿಯುವುದಕ್ಕೆ ಗಾಜು ಅಡ್ಡ ನಿಂತಿತು, ಮೇಲಿನ ಪದರ ಸತ್ತು ಗಾಜು ಹೊರಗೆ ಬಂತು. ಬಾವಿಗೆ ಚಪ್ಪಡಿ ಮುಚ್ಚಿದರೆ ಊರಿಗೆ ನೀರೆಲ್ಲಿ?

ಆಮೇಲಿನವರು ಉಪಾಯ ಮಾಡಿದರು. ಅಮೆರಿಕದಲ್ಲಿ ಚಾಳೀಸಿಗೆಂದೇ ಎರಡು ಬಿಲ್ಲೆಗಳು ಬಂದವು. ಒಂದಕ್ಕೆ ಕಾಮ್ರಾ ಎಂದು ಹೆಸರು, 2015ರಲ್ಲಿ ಅಲ್ಲಿಯ ಸರಕಾರದ ಔಷಧ ಇಲಾಖೆಯಾದ ಎಫ್.ಡಿ.ಎ. ಒಪ್ಪಿಗೆ ಕೊಟ್ಟಿತು. 3.8 ಮಿಲಿಮೀಟರ್ ಅಗಲದ ಕಪ್ಪು ಉಂಗುರ, ನಡುವೆ 1.6 ಮಿಲಿಮೀಟರ್ ತೂತು. ಮುಷ್ಟಿಯಲ್ಲಿ ಸಣ್ಣ ಸಂದು ಮಾಡಿ ಅದರೊಳಗಿಂದ ಅಕ್ಷರ ನೋಡಿ, ಸ್ವಲ್ಪ ಸ್ಪಷ್ಟವಾಗುತ್ತದೆ. ಅದೇ ತಂತ್ರ. ಪೋಷಣೆ ಹರಿಯಲೆಂದು ಅದರಲ್ಲಿ 8,400 ಸೂಕ್ಷ್ಮ ರಂಧ್ರಗಳು. ಇನ್ನೊಂದಕ್ಕೆ ರೇನ್‌ಡ್ರಾಪ್ ಎಂದು ಹೆಸರು, ಮಳೆಹನಿ ಎಂದರ್ಥ. ಸಾಸಿವೆ ಕಾಳಿನ ಅಗಲ, ಎರಡು ಮಿಲಿಮೀಟರ್. ಕೂದಲಿಗಿಂತ ತೆಳು. ಹೆಚ್ಚಿನ ಪಾಲು ನೀರೇ ಇರುವ ಮೆತ್ತನೆಯ ವಸ್ತು. ಅದನ್ನಿಟ್ಟಾಗ ಕಾರ್ನಿಯಾ ನಡುವಿನಲ್ಲಿ ಸ್ವಲ್ಪ ಉಬ್ಬಿ ಹತ್ತಿರದ್ದು ಕಾಣುತ್ತದೆ. ಎರಡನ್ನೂ ಒಂದೇ ಕಣ್ಣಿಗೆ ಇಡುತ್ತಿದ್ದರು, ಇನ್ನೊಂದು ಕಣ್ಣು ದೂರಕ್ಕೆ ಹಾಗೆಯೇ ಉಳಿಯುತ್ತಿತ್ತು.

ಈ ಮಳೆಹನಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 373 ಜನರ ಕಣ್ಣಿಗೆ ಇಟ್ಟು ನೋಡಿದರು. ಎರಡು ವರ್ಷಕ್ಕೆ ಲೆಕ್ಕಕ್ಕೆ ಸಿಕ್ಕ 364 ಜನರಲ್ಲಿ 336 ಮಂದಿಗೆ ಆ ಕಣ್ಣಿನಿಂದ ಹತ್ತಿರದ್ದು ಚೆನ್ನಾಗಿ ಕಂಡಿತು. ನೂರಕ್ಕೆ 92. ಯಾರು ಬೇಡ ಎನ್ನುತ್ತಾರೆ? 2016ರ ಜೂನ್‌ನಲ್ಲಿ ಒಪ್ಪಿಗೆಯಾಯಿತು. ಒಪ್ಪಿಗೆ ಕೊಡುವಾಗ ಇಲಾಖೆ ಒಂದು ಒಳ್ಳೆಯ ಕೆಲಸ ಮಾಡಿತ್ತು, ಆ ಜನರನ್ನು ಐದು ವರ್ಷದವರೆಗೆ ನೋಡಿ ವರದಿ ಕೊಡಿ ಎಂದಿತ್ತು. 2018ರ ಅಕ್ಟೋಬರ್‌ನಲ್ಲಿ, ಹಾಗೆ ಮುಂದುವರಿದು ನೋಡಿದ 150 ಜನರ ಲೆಕ್ಕ ಹೊರಬಂತು. ನೂರಕ್ಕೆ 75 ಮಂದಿಯ ಕಾರ್ನಿಯಾದಲ್ಲಿ ಮಂಜು ಕಟ್ಟಿತ್ತು. ನೂರಕ್ಕೆ 42 ಮಂದಿಗೆ ಆ ಮಂಜು ನಟ್ಟನಡುವೆ, ನೋಡುವ ಜಾಗದಲ್ಲೇ ಇತ್ತು. ಇನ್ನು ಯಾರ ಕಣ್ಣಿಗೂ ಇದನ್ನು ಇಡಬೇಡಿ ಎಂದು ಇಲಾಖೆ ಡಾಕ್ಟರರಿಗೆ ತಿಳಿಸಿತು. 2019ರಲ್ಲಿ ಮಾಲನ್ನು ಹಿಂದಕ್ಕೆ ಪಡೆಯುವ ಪ್ರಕಟಣೆಯೂ ಬಂತು.

ಎರಡು ವರ್ಷಕ್ಕೆ ಚೆನ್ನಾಗಿ ಕಂಡದ್ದು ಐದು ವರ್ಷದ ಲೆಕ್ಕ ನೋಡುವಾಗ ಹೀಗಾಯಿತು. ಯಾರೋ ಮೋಸ ಮಾಡಿದರು ಎಂದು ನಾವು ಹೇಳುತ್ತಿಲ್ಲ. ದೇಹ ತನ್ನೊಳಗೆ ಬಂದ ಪರವಸ್ತುವಿನ ಮೇಲೆ ನಿಧಾನವಾಗಿ ಜಗಳ ಮಾಡುತ್ತದೆ, ಗಾಯ ಮಾಗುವಾಗ ಕಲೆ ಉಳಿಯುವ ಹಾಗೆ. ಯೂನಿಯನ್ ಕೆಲಸ ಮಾಡುವ ನಮ್ಮ ಕಣ್ಣಿಗೆ ಬಿದ್ದದ್ದು ಇನ್ನೊಂದು. ಅದನ್ನು ತಯಾರಿಸಿದ ರಿವಿಷನ್ ಆಪ್ಟಿಕ್ಸ್ ಎಂಬ ಕಂಪನಿ 2018ರ ಜನವರಿಯಲ್ಲೇ ಬಾಗಿಲು ಮುಚ್ಚಿತ್ತು, ಎಚ್ಚರಿಕೆ ಬರುವುದಕ್ಕೆ ತಿಂಗಳುಗಟ್ಟಲೆ ಮೊದಲು. ಚೂರು ಕಣ್ಣಿನಲ್ಲಿದೆ, ಮಾಡಿದವರು ಅಂಗಡಿಯಲ್ಲಿಲ್ಲ. ಮಾಲೀಕ ಬಿಟ್ಟುಹೋದ ತೋಟದಲ್ಲಿ ಗ್ರಾಚ್ಯುಯಿಟಿ ಕೇಳಲು ಹೋದವರಿಗೆ ಇದರ ರುಚಿ ಗೊತ್ತು.

ಮಂಜು ಕಟ್ಟಿದರೆ ಏನು ಮಾಡುತ್ತಾರೆ? ಸ್ಟೀರಾಯ್ಡ್ ಇರುವ ಹನಿ ಹಾಕುತ್ತಾರೆ. ಅದಕ್ಕೂ ಆಗದಿದ್ದರೆ ಬಿಲ್ಲೆಯನ್ನು ತೆಗೆಯುತ್ತಾರೆ. ತೆಗೆಯಲು ಬರುತ್ತದೆ ಎಂಬುದು ನಿಜ, ಅದೇ ಇದರ ಒಳ್ಳೆಯ ಗುಣ ಎಂದು ಹೇಳುತ್ತಿದ್ದರು. ಆದರೆ ತೆಗೆದ ಮೇಲೂ ಕೆಲವರಲ್ಲಿ ಮಂಜು ಪೂರ್ತಿ ಹೋಗುವುದಿಲ್ಲ. ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿದರೆ ಕೆಲವರ ಕಣ್ಣಿನ ಒತ್ತಡ ಏರಿ ನರಕ್ಕೆ ಪೆಟ್ಟು ಬೀಳುತ್ತದೆ, ಪೊರೆಯೂ ಬೇಗ ಬರುತ್ತದೆ. ಆದಕಾರಣ ಆ ಹನಿ ಹಾಕುವವರು ಡಾಕ್ಟರ ಬಳಿ ಮತ್ತೆ ಮತ್ತೆ ಹೋಗಿ ಒತ್ತಡ ಅಳೆಸಬೇಕು. ಇಲ್ಲಿಯೇ ಒಂದು ಮಾತು: ಕಣ್ಣು ಕೆಂಪಾದರೆ ಮೆಡಿಕಲ್ ಶಾಪಿಗೆ ಹೋಗಿ, "ಹೋದ ಸಲ ಕೊಟ್ಟ ಹನಿಯನ್ನೇ ಕೊಡಿ" ಎಂದು ತರುತ್ತೀರಲ್ಲ, ಅದರಲ್ಲಿಯೂ ಸ್ಟೀರಾಯ್ಡ್ ಇರಬಹುದು. ಆಪರೇಷನ್ ಇಲ್ಲದೆಯೂ ಇದರಿಂದ ಕಣ್ಣು ಕಳೆದುಕೊಳ್ಳಬಹುದು. ಚೀಟಿ ಇಲ್ಲದೆ ತರಬೇಡಿ.

ಈ ಬಗೆಯ ಆಪರೇಷನ್ ಎಲ್ಲರಿಗೂ ಆಗುವಂಥದ್ದೂ ಅಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಕಣ್ಣಿನ ಒತ್ತಡದ ಕಾಯಿಲೆ ಹತೋಟಿಗೆ ಬಾರದವರು, ಕಣ್ಣು ತುಂಬ ಒಣಗುವವರು, ಕಣ್ಣಿನಲ್ಲಿ ಸೋಂಕು ಅಥವಾ ಉರಿಯೂತ ಇರುವವರು, ಕಾರ್ನಿಯಾ ತೆಳ್ಳಗಿರುವವರು ಅಥವಾ ಚೂಪಾಗಿ ಬೆಳೆಯುವವರು, ವಾತದ ಕೀಲುನೋವಿನಂಥ ಕಾಯಿಲೆ ಜೋರಾಗಿರುವವರು ಇದರಿಂದ ದೂರ ಇರಬೇಕು. ನಮ್ಮ ಲೈನಿನಲ್ಲಿ ಸಕ್ಕರೆ ಇರುವವರು ಎಷ್ಟು ಮಂದಿ, ಅಳೆಸಿಕೊಂಡವರು ಎಷ್ಟು ಮಂದಿ? ಕೈ ಎತ್ತಿ ಎಂದು ಕೇಳುವುದಿಲ್ಲ.

ಎಲ್ಲವೂ ಸರಿ ಹೋಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ನಮ್ಮ ಕೆಲಸಕ್ಕೆ ಹೊಂದುತ್ತದೆಯೇ ನೋಡಬೇಕು. ತೂತಿನ ಉಂಗುರ ಇಟ್ಟ ಕಣ್ಣಿಗೆ ಬೆಳಕು ಕಡಿಮೆ ಹೋಗುತ್ತದೆ. ದೀಪದ ಸುತ್ತ ಬಳೆ ಕಾಣುವುದು, ಕಣ್ಣು ಕೋರೈಸುವುದು, ಮಸುಕಿನಲ್ಲಿ ಸರಿಯಾಗಿ ತಿಳಿಯದಿರುವುದು ಇದ್ದದ್ದೇ. ನಮ್ಮ ಊರಿನಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಡಬೇಕು, ಸಂಜೆ ಕತ್ತಲಲ್ಲಿ ಆನೆ ದಾರಿಯಲ್ಲಿದೆಯೇ ಎಂದು ನೋಡಿಕೊಂಡು ಬರಬೇಕು. ಎರಡು ಕಣ್ಣು ಎರಡು ಬಗೆಯಾಗಿ ಕಂಡರೆ ಆಳ ತಿಳಿಯುವುದು ಕಡಿಮೆಯಾಗಬಹುದು. ಕವಾತಿನ ಕತ್ತಿ ಹಿಡಿಯುವವರಿಗೆ, ಇಳಿಜಾರಿನಲ್ಲಿ ಮೂಟೆ ಹೊರುವವರಿಗೆ ಅದು ಸಣ್ಣ ಮಾತಲ್ಲ. ಕಾರ್ನಿಯಾವನ್ನು ಲೇಸರ್‌ನಿಂದ ಮುಚ್ಚಳದಂತೆ ಎತ್ತಿ ಬಿಲ್ಲೆ ಇಟ್ಟಿದ್ದರೆ, ಆ ಮುಚ್ಚಳಕ್ಕೆ ಪೆಟ್ಟು ಬಿದ್ದು ಜಾರುವ ಸಂಭವ ವರ್ಷಗಳಾದ ಮೇಲೂ ಇರುತ್ತದೆ. ಚಹಾ ಗಿಡದ ರೆಂಬೆ ಕಣ್ಣಿಗೆ ಹೊಡೆಯದ ದಿನ ನಮ್ಮಲ್ಲಿ ಯಾರಿಗಿದೆ? ಬೆವರು, ಧೂಳು, ಔಷಧಿ ಹೊಡೆಯುವ ಹನಿ ಬೇರೆ. ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ತಿಳಿದ ಡಾಕ್ಟರ ಹತ್ತಿರ ಹೋಗಬೇಕು. ನಮಗೆ ಮೈಸೂರೂ ದೂರ, ಕೊಯಮತ್ತೂರೂ ದೂರ, ಕಲ್ಲಿಕೋಟೆಯೂ ದೂರ. ಘಾಟಿಯಲ್ಲಿ ಮರ ಬಿದ್ದರೆ ಇನ್ನೂ ದೂರ.

ಒಪ್ಪಿಗೆಯ ಕಾಗದದ ವಿಷಯವನ್ನೂ ಹೇಳಬೇಕು. ಅದು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಇರುತ್ತದೆ. ಮಕ್ಕಳು ತಮಿಳು ಓದುತ್ತಾರೆ, ನಮ್ಮ ದೊಡ್ಡವರಲ್ಲಿ ಅನೇಕರಿಗೆ ಕನ್ನಡ ಅಕ್ಷರ ಮಾತ್ರ ಗೊತ್ತು. ಇನ್ನು ಈ ಚಾಳೀಸಿನಲ್ಲಿ ಯಾವ ಅಕ್ಷರವೂ ಕಾಣುವುದಿಲ್ಲ. ಯಾವುದೇ ಆಪರೇಷನ್ನಿಗೆ ಹೆಬ್ಬೆಟ್ಟು ಒತ್ತುವ ಮೊದಲು ಓದಿಸಿ ಕೇಳಿ. ಈ ಬಿಲ್ಲೆಯ ಹೆಸರೇನು, ಎಷ್ಟು ವರ್ಷದವರೆಗೆ ಜನರನ್ನು ನೋಡಿದ್ದಾರೆ, ತೆಗೆಯಬೇಕಾದರೆ ಯಾರು ತೆಗೆಯುತ್ತಾರೆ, ಆ ಖರ್ಚು ಯಾರದು ಎಂದು ಬಾಯಿಬಿಟ್ಟು ಕೇಳಿ. ಒಳ್ಳೆಯ ಡಾಕ್ಟರು ಸಿಟ್ಟು ಮಾಡುವುದಿಲ್ಲ. ನಾವು ಹೋದ ಡಾಕ್ಟರು ನಮ್ಮ ಇಪ್ಪತ್ತು ಪ್ರಶ್ನೆಗೆ ಸಿಟ್ಟು ಮಾಡಲಿಲ್ಲ, ಚಹಾವನ್ನೂ ಕೊಟ್ಟರು.

ಪ್ರಯತ್ನ ಇನ್ನೂ ನಿಂತಿಲ್ಲ. ಪರವಸ್ತುವಿನ ಬದಲು ಮನುಷ್ಯರ ಕಾರ್ನಿಯಾದ್ದೇ ಒಂದು ಮಿಲಿಮೀಟರ್ ಚೂರನ್ನು ಇಡುವ ವಿಧಾನವನ್ನು ಚೆನ್ನೈನ ಡಾಕ್ಟರ್ ಸೂಸನ್ ಜೇಕಬ್ ಅವರು 2017ರಲ್ಲಿ ಪ್ರಕಟಿಸಿದ್ದಾರೆ. ಆ ಬರಹದಲ್ಲಿದ್ದದ್ದು ಬೆರಳೆಣಿಕೆಯ ಕಣ್ಣುಗಳು. ಮುಂದೆ ಅದು ನಮ್ಮ ಮಕ್ಕಳಿಗೆ ವರವಾಗಲೂಬಹುದು. ಆದರೆ ಹೊಸತನ್ನು ಹಲವು ವರ್ಷ ನೋಡಬೇಕೆಂದು ಮಳೆಹನಿ ಹೇಳಿಕೊಟ್ಟಿದೆ.

ಈ ಮಾತು ಕೇಳಿ, "ಕಣ್ಣಿನ ಆಪರೇಷನ್ನೇ ಬೇಡವೆಂದು ಉಪದೇಶಿಯವರು ಹೇಳಿದರು" ಎಂದು ಯಾರೂ ಮನೆಗೆ ಹೋಗಿ ಹೇಳಬೇಡಿ. ಪೊರೆ ಬಂದವರು ಆಪರೇಷನ್ ಮಾಡಿಸಿಕೊಳ್ಳಲೇಬೇಕು, ಅಲ್ಲಿ ಕಾಣದ ಕಣ್ಣು ಕಾಣುತ್ತದೆ. ಗಾಯದಿಂದ, ಹುಣ್ಣಿನಿಂದ ಕಾರ್ನಿಯಾ ಬೆಳ್ಳಗಾದವರಿಗೆ ಸತ್ತವರು ದಾನ ಮಾಡಿದ ಕಣ್ಣಿನ ಪದರ ಹಾಕುತ್ತಾರೆ, ಅದೂ ಬೇರೆ. ಅಲ್ಲೆಲ್ಲ ಕೆಟ್ಟ ಕಣ್ಣನ್ನು ಸರಿಮಾಡಲು ಅಪಾಯ ಎದುರಿಸುತ್ತೇವೆ. ಇಲ್ಲಿ ಕೆಡದ ಕಣ್ಣಿಗೆ, ಗಾಜಿನ ಎರಡು ತುಂಡು ಮಾಡುವ ಕೆಲಸಕ್ಕಾಗಿ, ಅಪಾಯ ತಂದುಕೊಳ್ಳುತ್ತೇವೆ.

ಆ ಗಾಜಿನ ತುಂಡು ಏನು ಮಾಡುತ್ತದೆ ಎಂಬುದಕ್ಕೆ ನಮ್ಮಂಥವರದೇ ಸಾಕ್ಷಿ ಇದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಎಲೆ ಕೀಳುವವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಬಿಟ್ಟಿ ಕನ್ನಡಕ, ಇನ್ನೊಂದಕ್ಕೆ ಕೊನೆಯಲ್ಲಿ. ಲೆಕ್ಕ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಎಂಬ ವೈದ್ಯರ ಪತ್ರಿಕೆಯಲ್ಲಿ ಬಂತು. ಕನ್ನಡಕ ಸಿಕ್ಕವರು ದಿನಕ್ಕೆ ಸುಮಾರು 25 ಕಿಲೋದಿಂದ ಸುಮಾರು 35 ಕಿಲೋಗೆ ಏರಿದರು. ಸಿಗದವರು 26ರಿಂದ 31ರ ಹತ್ತಿರ ಬಂದರು, ಅದು ಚಿಗುರಿನ ಕಾಲ, ಎಲ್ಲರಿಗೂ ಏರುವುದೇ. ಆ ಏರಿಕೆ ಕಳೆದರೂ ಕನ್ನಡಕದ ಪಾಲು ದಿನಕ್ಕೆ ಐದು ಕಿಲೋಗಿಂತ ಹೆಚ್ಚು, ನೂರಕ್ಕೆ 21.7. ಈಗ ಹೇಳಿ, ಕನ್ನಡಕ ಹಾಕಿದ ಹೆಂಗಸು ಕಸ ಗುಡಿಸಬೇಕೇ? ಈ ಕಾಗದವನ್ನು ನಾವು ಮ್ಯಾನೇಜ್‌ಮೆಂಟಿನ ಮುಂದೆ ಇಟ್ಟಿದ್ದೇವೆ. ನಲವತ್ತಾದವರಿಗೆ ಡಿಸ್ಪೆನ್ಸರಿಯಲ್ಲಿ ವರ್ಷಕ್ಕೊಮ್ಮೆ ಕಣ್ಣು ನೋಡಬೇಕು, ಕನ್ನಡಕದ ಖರ್ಚು ತೋಟ ಕೊಡಬೇಕು, ಕನ್ನಡಕ ಹಾಕಿದ್ದಕ್ಕೆ ಯಾರನ್ನೂ ಕೆಲಸದಿಂದ ಸರಿಸಬಾರದು ಎಂದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಸರಕಾರದಲ್ಲೂ 1976ರಿಂದ ಕುರುಡುತನ ತಡೆಯುವ ಕಾರ್ಯಕ್ರಮವಿದೆ, ಅದರಲ್ಲಿ ಚಾಳೀಸು ಬಂದ ವಯಸ್ಸಾದವರಿಗೆ ಬಿಟ್ಟಿ ಕನ್ನಡಕ ಕೊಡುವುದೂ ಸೇರಿದೆ. ಸರಕಾರಿ ಆಸ್ಪತ್ರೆಯಲ್ಲಿ ಕೇಳಲು ನಾಚಬೇಡಿ.

ನಮ್ಮ ಅಕ್ಕ ಹೋದ ವಾರ ಕಣ್ಣು ತೋರಿಸಿಕೊಂಡರು. ಅಲ್ಲಿ ಒಂದು ಹೊಸ ವಿಷಯ ಕಲಿತೆವು. ಪುಸ್ತಕ ಓದುವ ದೂರಕ್ಕೆ ಕೊಡುವ ಗಾಜು ಎಲೆ ಕೀಳಲು ಸರಿಯಾಗುವುದಿಲ್ಲ. ಎಲೆ ಇರುವುದು ಕೈ ಚಾಚಿದ ದೂರದಲ್ಲಿ, ಅದಕ್ಕೆ ಕಡಿಮೆ ಪವರ್ ಸಾಕು. ಆದಕಾರಣ ಪರೀಕ್ಷೆ ಮಾಡುವವರಿಗೆ, "ನನ್ನ ಕೆಲಸ ಇಷ್ಟು ದೂರದಲ್ಲಿ" ಎಂದು ಕೈ ಚಾಚಿ ತೋರಿಸಬೇಕು. ಅಕ್ಕ ಎದ್ದು ನಿಂತು ಗಾಳಿಯಲ್ಲೇ ಎಲೆ ಕಿತ್ತು ತೋರಿಸಿದರು, ಅಲ್ಲಿದ್ದವರೆಲ್ಲ ನಕ್ಕರು, ಗಾಜು ಸರಿಯಾದದ್ದೇ ಸಿಕ್ಕಿತು. ನಡೆಯುವಾಗ ತೆಗೆದು ಕೊರಳಿಗೆ ಬಿಡಲು ದಾರ ಕಟ್ಟಿಕೊಂಡಿದ್ದಾರೆ. ಮಳೆಯಲ್ಲಿ ಮಂಜು ಕಟ್ಟುವುದಕ್ಕೆ ಮಾತ್ರ ನಮ್ಮ ಬಳಿ ಉಪಾಯವಿಲ್ಲ, ಸೆರಗಿನಲ್ಲಿ ಒರೆಸಿಕೊಳ್ಳಬೇಕು. ಪಿ.ಎಫ್. ಫಾರಂ ನಮ್ಮ ಮೇಜಿನಲ್ಲಿ ಖಾಲಿಯಾಗಿಯೇ ಇದೆ.

ಬರುವ ತಿಂಗಳ ಎರಡನೆಯ ಭಾನುವಾರ ಇದೇ ಜಾಗದಲ್ಲಿ ಕಣ್ಣು ಪರೀಕ್ಷೆ ಇಟ್ಟಿದ್ದೇವೆ. ನಲವತ್ತು ದಾಟಿದವರೆಲ್ಲ ಬನ್ನಿ, ಸಂತೆಯಲ್ಲಿ ಕೊಂಡ ಕನ್ನಡಕ ಇರುವವರೂ ಬನ್ನಿ, ಅದರ ಎರಡು ಗಾಜೂ ಒಂದೇ ಪವರ್, ನಿಮ್ಮ ಎರಡು ಕಣ್ಣು ಒಂದೇ ಇರಬೇಕೆಂದಿಲ್ಲ. ಸಕ್ಕರೆ, ಬಿ.ಪಿ. ಚೀಟಿ ಇದ್ದರೆ ತನ್ನಿ. ಹಾಕುತ್ತಿರುವ ಹನಿಯ ಬಾಟಲಿಯನ್ನೂ ಮರೆಯದೆ ತನ್ನಿ. ಮೂರು ತಿಂಗಳ ತೂಕದ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಿ. ಕನ್ನಡಕ ಬಂದ ಮೇಲಿನ ಚೀಟಿಗಳ ಪಕ್ಕದಲ್ಲಿ ಅವನ್ನಿಟ್ಟು ನಮ್ಮ ತೋಟದ ಲೆಕ್ಕವನ್ನೂ ನಾವೇ ಬರೆದು ಮ್ಯಾನೇಜರಿಗೆ ಕೊಡಬೇಕೆಂದಿದ್ದೇವೆ.